ಹಾಡಿನಿಂದ ಹೊಟ್ಟೆ ತುಂಬೀತೆ?



ಕಳೆದ ಬೇಸಿಗೆಯ ಒಂದು ಸಂಜೆ ಧಾರವಾಡದ ನಮ್ಮ ಮನೆಗೆ ಬಹುಕಾಲದ ಪರಿಚಯದ ಕುಟುಂಬವೊಂದು ಬಂದಿತ್ತು. ಯಜಮಾನರು ಇಪ್ಪತ್ತು ವರ್ಷಗಳಿಂದ ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದಲ್ಲಿ ನೌಕರಿಯಲ್ಲಿದ್ದಾರೆ. ಜೊತೆಯಲ್ಲಿ ಅವರ ಧರ್ಮಪತ್ನಿ ಮತ್ತು ಹದಿನೇಳು ವರ್ಷದ ಮಗಳು. ಮಗಳ ಕೈಯಲ್ಲಿ ಪಿಟೀಲಿನ ಪೆಟ್ಟಿಗೆಯಿತ್ತು. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ‘ಏನಾದರೂ ನುಡಿಸವ್ವ’ ಎಂದೆವು. ಪರಿಚಿತವಾದ ಯಾವುದೋ ಕೀರ್ತನೆಯನ್ನು ನಿರೀಕ್ಷಿಸಿದ್ದ ನಮ್ಮ ಕಿವಿಗೆ ಬಿದ್ದುದು ಬೇರೆಯೇ ಸಂಗೀತ. ಗುಡ್ಡದ ಹಳ್ಳವು ಕಲ್ಲಿನಿಂದ ಕಲ್ಲಿಗೆ ಹಾರುತ್ತ ಇಳಿದಂತೆ ಅದರ ವೇಗ. ಆ ವೇಗದ ಒಳಗೆ ಅದೇಕೋ ಒಂದು ಅಗಲಿಕೆಯ ನೋವು. ‘ಅಜ್ಜಾರ, ಇದಕ್ಕ ಬ್ಲೂಗ್ರಾಸ್ ಅಂತಾರ್ರಿ. ನಾವಿರೋ ಗುಡ್ಡಗಾಡಿನ ಸಂಗೀತ. ನಾನು ಇದನ್ನ ನನ್ನ ಉದ್ಯೋಗ ಮಾಡ್ಕೋಬೇಕಂತೀನಿ’ ಎಂದಳು. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದರಾಗ ಹೊಟ್ಟಿ ತುಂಬತದೇನ್ರಿ, ಗುರುಗಳ? ನೀವರ ಒಂದ ಮಾತ ಹೇಳ್ರಿ’ ಎಂದು ನಮ್ಮ ಮುಖ ನೋಡಿದರು.

ನಾವು ಕೂಡಲೇ ಉತ್ತರಿಸಲಿಲ್ಲ. ಅದಕ್ಕೆ ಕಾರಣವಿದೆ. ಮೂವತ್ತು ವರ್ಷಗಳ ಹಿಂದೆ ಇನ್ನೊಬ್ಬ ತಂದೆ ತಮ್ಮ ಮಗನ ವಿಷಯದಲ್ಲಿ ಇದೇ ಪ್ರಶ್ನೆಯನ್ನು ಕೇಳಿದ್ದರು. ‘ಮೊದಲು ನೌಕರಿ, ಆಮೇಲೆ ಹಾಡು’ ಎಂದು ನಾವು ನಿಂತ ನಿಲುವಿನಲ್ಲೇ ಹೇಳಿ ಕಳುಹಿಸಿದೆವು. ಹುಡುಗ ವಿಧೇಯ, ವಾದ್ಯವನ್ನು ಗೋಡೆಗೆ ತೂಗುಹಾಕಿದ. ಈಗ ಅವರು ನಿವೃತ್ತರು. ಅವರ ಮನೆಗೆ ಹೋದಾಗಲೆಲ್ಲ ಆ ವಾದ್ಯವನ್ನು ನೋಡಲು ನಮಗೆ ಮುಜುಗರ. ಅರಿಯದ ವಿಷಯದಲ್ಲಿ ಅವಸರದಿಂದ ನುಡಿದ ತಪ್ಪು ನಮ್ಮದು. ಆದ್ದರಿಂದ ಈ ಸಲ ಒಂದು ತಿಂಗಳ ಅವಧಿ ಬೇಡಿದೆವು. ಹುಡುಗಿ ಕೊಟ್ಟುಹೋದ ಪುಸ್ತಕಗಳನ್ನು ಓದಿದೆವು, ಧ್ವನಿಮುದ್ರಣಗಳನ್ನು ಕೇಳಿದೆವು. ಆ ವೃತ್ತಿಯಲ್ಲಿ ಬಾಳಿದವರ ಸಂಸಾರ ಹೇಗೆ ನಡೆಯಿತೆಂಬುದನ್ನೇ ಮುಖ್ಯವಾಗಿ ಹುಡುಕಿದೆವು. ಕಂಡುದನ್ನು ಇಲ್ಲಿ ನಿವೇದಿಸುತ್ತಿದ್ದೇವೆ. ಇಂಥ ಪ್ರಶ್ನೆ ಅನೇಕ ಮನೆಗಳಲ್ಲಿ ಇದೆಯೆಂಬುದನ್ನು ಬಲ್ಲೆವು.

ಬ್ಲೂಗ್ರಾಸ್ ಎಂದರೆ ಶಬ್ದಶಃ ನೀಲಿ ಹುಲ್ಲು. ಅಮೆರಿಕದ ಕೆಂಟಕಿ ರಾಜ್ಯಕ್ಕೆ ಅಲ್ಲಿ ಸೊಂಪಾಗಿ ಬೆಳೆಯುವ ಒಂದು ಜಾತಿಯ ಹುಲ್ಲಿನಿಂದ ‘ಬ್ಲೂಗ್ರಾಸ್ ರಾಜ್ಯ’ ಎಂಬ ಅಡ್ಡಹೆಸರು ಬಂದಿದೆ. ಆ ನಾಡಿನವರಾದ ಬಿಲ್ ಮನ್ರೋ ಎಂಬ ಕಲಾವಿದರು ತಮ್ಮ ವಾದ್ಯಮೇಳಕ್ಕೆ ‘ಬ್ಲೂ ಗ್ರಾಸ್ ಬಾಯ್ಸ್’ ಎಂದು ಹೆಸರಿಟ್ಟರು. ಮುಂದೆ ಮೇಳದ ಹೆಸರೇ ಸಂಗೀತದ ಹೆಸರಾಯಿತು. ಇದರಲ್ಲಿ ಪಿಟೀಲು, ಮ್ಯಾಂಡೊಲಿನ್, ಗಿಟಾರ್, ಐದು ತಂತಿಯ ಬ್ಯಾಂಜೊ ಮತ್ತು ನಿಂತು ನುಡಿಸುವ ದೊಡ್ಡ ಬಾಸ್ ಎಂಬ ಐದು ವಾದ್ಯಗಳು ಪ್ರಧಾನ. ನಮ್ಮ ಕಡೆ ಗುಂಡಿಗಳನ್ನೊತ್ತಿ ನುಡಿಸುವ ಬುಲ್‌ಬುಲ್ ತರಂಗಕ್ಕೂ ಬ್ಯಾಂಜೊ ಎನ್ನುವುದುಂಟು, ಇದು ಅದಲ್ಲ. ಇದು ಚರ್ಮ ಬಿಗಿದ ದುಂಡನೆಯ ಒಡಲು ಮತ್ತು ಉದ್ದನೆಯ ಕತ್ತುಳ್ಳ ವಾದ್ಯ. ಗುಲಾಮರಾಗಿ ಒಯ್ಯಲ್ಪಟ್ಟ ಆಫ್ರಿಕದ ಜನರು ಆ ಖಂಡಕ್ಕೆ ತಂದ ವಾದ್ಯಗಳಿಂದ ಬೆಳೆದುಬಂದದ್ದು. ಪಿಟೀಲಿನ ಧಾಟಿಗಳು ಸ್ಕಾಟ್ಲೆಂಡ್, ಐರ್ಲೆಂಡ್, ಇಂಗ್ಲೆಂಡ್‌ಗಳಿಂದ ವಲಸೆ ಬಂದವರವು. ಮ್ಯಾಂಡೊಲಿನ್ ಇಟಲಿಯದು. ಸಾಮಾನ್ಯವಾಗಿ ಚರ್ಮವಾದ್ಯದ ತಾಳವಿರುವುದಿಲ್ಲ. ಮ್ಯಾಂಡೊಲಿನ್ ತಂತಿಗಳನ್ನು ಥಟ್ಟನೆ ಮೀಟಿ ಥಟ್ಟನೆ ಅಡಗಿಸಿ ತಾಳ ಹಿಡಿಯುತ್ತಾರೆ. ಒಬ್ಬೊಬ್ಬರಿಗೂ ಸರದಿ ಬರುತ್ತದೆ. ಸರದಿ ಬಂದವನು ಮುಂದೆ ಬಂದು ನುಡಿಸುವಾಗ ಉಳಿದವರು ತಮ್ಮ ದನಿಯನ್ನು ತಗ್ಗಿಸಿ ಅವನಿಗೆ ಆಸರೆಯಾಗಬೇಕು.

ಇನ್ನು ಮನ್ರೋ ಅವರ ಜೀವನವನ್ನು ನೋಡೋಣ. ಅವರು ಹುಟ್ಟಿದ್ದು ೧೯೧೧ರ ಸೆಪ್ಟೆಂಬರ್ ೧೩ರಂದು, ಕೆಂಟಕಿಯ ರೋಸೀನ್ ಎಂಬ ಊರಿನ ಬಳಿ. ಎಂಟು ಮಕ್ಕಳಲ್ಲಿ ಕಡೆಯವರಾಗಿ. ದೃಷ್ಟಿದೋಷವಿದ್ದ ಸಂಕೋಚದ ಹುಡುಗ. ಅಣ್ಣಂದಿರು ಪಿಟೀಲು, ಗಿಟಾರ್‌ಗಳನ್ನು ಮೊದಲೇ ಆರಿಸಿಕೊಂಡಿದ್ದರಿಂದ ಕಿರಿಯನಿಗೆ ಉಳಿದದ್ದು ಮ್ಯಾಂಡೊಲಿನ್. ಅದರ ಸದ್ದು ಹೆಚ್ಚಾಗದಿರಲೆಂದು ಎಂಟು ತಂತಿಗಳಲ್ಲಿ ನಾಲ್ಕನ್ನೇ ಕಟ್ಟಿಸಿದ್ದರಂತೆ! ಹತ್ತರ ವಯಸ್ಸಿನಲ್ಲಿ ತಾಯಿ ತೀರಿಕೊಂಡರು, ಹದಿನಾರರಲ್ಲಿ ತಂದೆ. ಆಗ ಆಶ್ರಯ ಕೊಟ್ಟವರು ಸೋದರಮಾವ ಪೆನ್ ವ್ಯಾಂಡಿವರ್. ಊರ ಕುಣಿತಗಳಿಗೆ ಪಿಟೀಲು ನುಡಿಸುತ್ತಿದ್ದ ಅವರು ಅಳಿಯನನ್ನೂ ಜೊತೆಗೆ ಕರೆದೊಯ್ಯುತ್ತಿದ್ದರು. ಪಾಠವೆಂದು ಹೇಳಿಕೊಟ್ಟದ್ದಿಲ್ಲ, ಪಕ್ಕದಲ್ಲಿ ಕುಳಿತು ಶ್ರುತಿ, ಲಯ ತಪ್ಪದಂತೆ ಒತ್ತಾಸೆ ಕೊಡುವುದೇ ಪಾಠ. ಅದೇ ಪ್ರಾಂತದ ಕಪ್ಪುಜನಾಂಗದ ಗಣಿಕಾರ್ಮಿಕ ಆರ್ನಲ್ಡ್ ಶುಲ್ಟ್ಜ್ ಎಂಬ ಗಿಟಾರ್ ವಾದಕರ ಪಕ್ಕದಲ್ಲಿಯೂ ಹುಡುಗ ಹೀಗೆಯೇ ಕುಳಿತು ಕಲಿತ.

ಕಲಿತ ಮಾತ್ರಕ್ಕೆ ಅನ್ನ ದೊರೆಯಲಿಲ್ಲ. ೧೯೨೯ರಲ್ಲಿ ಮನ್ರೋ ಶಿಕಾಗೋ ಸಮೀಪದ ವೈಟಿಂಗ್ ಎಂಬ ಊರಿನ ತೈಲ ಶುದ್ಧೀಕರಣ ಕಾರ್ಖಾನೆ ಸೇರಿ, ಕೆಲವು ವರ್ಷ ಎಣ್ಣೆಯ ಪೀಪಾಯಿಗಳ ನಡುವೆ ಮೈಮುರಿದು ದುಡಿದರು. ಸಂಗೀತವೇ ಪೂರ್ಣ ವೃತ್ತಿಯಾದದ್ದು ಆಮೇಲೆ. ೧೯೩೯ರ ಅಕ್ಟೋಬರ್‌ನಲ್ಲಿ ನ್ಯಾಶ್‌ವಿಲ್ ನಗರದ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ಪ್ರಸಿದ್ಧ ರೇಡಿಯೊ ಕಾರ್ಯಕ್ರಮಕ್ಕೆ ಅವರ ಮೇಳ ಸೇರಿತು. ಆ ಕಾಲದ ರೇಡಿಯೊ ಸಂಭಾವನೆ ಅಲ್ಪ. ಮುಂದಿನ ಪ್ರದರ್ಶನ ಯಾವ ಊರಿನಲ್ಲಿ ಎಂದು ಸಾರಲು ಸಿಗುತ್ತಿದ್ದ ಅವಕಾಶವೇ ನಿಜವಾದ ಲಾಭ. ವಾರವೆಲ್ಲ ಊರೂರು ಸುತ್ತಿ ಶಾಲೆಗಳಲ್ಲಿ, ಡೇರೆಗಳಲ್ಲಿ ಹಾಡುವುದು. ಶನಿವಾರ ರಾತ್ರಿ ರೇಡಿಯೊಗೆ ನ್ಯಾಶ್‌ವಿಲ್‌ಗೆ ಮರಳುವುದು. ೧೯೪೦ರ ದಶಕದಲ್ಲಿ ಅವರದೇ ಡೇರೆ ಇತ್ತು. ನಮ್ಮ ನಾಟಕ ಕಂಪನಿಗಳ ಕ್ಯಾಂಪಿನಂತೆ. ಜೊತೆಗೆ ಅವರದೇ ಬೇಸ್‌ಬಾಲ್ ತಂಡವೂ ಇತ್ತು! ಹಗಲು ಸ್ಥಳೀಯರೊಡನೆ ಪಂದ್ಯ ಆಡಿ ಜನ ಸೇರಿಸುವುದು, ರಾತ್ರಿ ಅದೇ ಜನಕ್ಕೆ ಹಾಡುವುದು. ಇಷ್ಟಾದರೂ ಮನ್ರೋ ಒಕ್ಕಲುತನ ಬಿಡಲಿಲ್ಲ. ಹೊಲದಲ್ಲಿ ತಾವೂ ದುಡಿದರು, ಮೇಳದ ಹುಡುಗರನ್ನೂ ದುಡಿಸಿದರು.

ಅವರ ಮೇಳ ಒಂದು ಸಂಚಾರಿ ಪಾಠಶಾಲೆಯೂ ಆಗಿತ್ತು. ೧೯೯೬ರ ಸೆಪ್ಟೆಂಬರ್ ೯ರಂದು ಅವರು ಕಾಲವಾಗುವವರೆಗೆ ನೂರೈವತ್ತಕ್ಕೂ ಹೆಚ್ಚು ಕಲಾವಿದರು ಆ ಮೇಳದಲ್ಲಿ ನುಡಿಸಿ ಹೊರಬಂದರು. ಅವರಲ್ಲಿ ಶ್ರೇಷ್ಠರೆನಿಸಿದವರು ಅರ್ಲ್ ಸ್ಕ್ರಗ್ಸ್. ಉತ್ತರ ಕೆರೊಲಿನಾದ ಫ್ಲಿಂಟ್ ಹಿಲ್‌ನಲ್ಲಿ ೧೯೨೪ರಲ್ಲಿ ಜನಿಸಿದ ಅವರು ನಾಲ್ಕನೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಮೂರು ಬೆರಳುಗಳಿಂದ ಬ್ಯಾಂಜೊ ಮೀಟುವ ಕ್ರಮ ಆ ಸೀಮೆಯಲ್ಲಿ ಮೊದಲೇ ಇತ್ತು. ಅದನ್ನು ಅರಳು ಹುರಿದಂಥ ನಿರರ್ಗಳ ನಾದವಾಗಿ ತಿದ್ದಿದವರು ಸ್ಕ್ರಗ್ಸ್. ಬಾಲ್ಯದಲ್ಲಿ ಅವರೂ ಅವರ ಅಣ್ಣ ಹೊರೇಸರೂ ಮಾಡುತ್ತಿದ್ದ ಒಂದು ಅಭ್ಯಾಸವನ್ನು ಓದಿ ನಾವು ಬೆರಗಾದೆವು. ಇಬ್ಬರೂ ಬೆನ್ನಿಗೆ ಬೆನ್ನು ಹಚ್ಚಿ ನಿಂತು ಒಂದು ಧಾಟಿಯನ್ನು ಆರಂಭಿಸುವುದು. ಅದನ್ನು ನುಡಿಸುತ್ತಲೇ ಮನೆಯ ಸುತ್ತ ಒಬ್ಬರು ಬಲಕ್ಕೆ, ಒಬ್ಬರು ಎಡಕ್ಕೆ ನಡೆಯುವುದು. ಮತ್ತೆ ಎದುರಾದಾಗ ಇಬ್ಬರ ಲಯ ಕೂಡಿದೆಯೋ ತಪ್ಪಿದೆಯೋ ನೋಡಿಕೊಳ್ಳುವುದು. ಕಾಸು ಖರ್ಚಿಲ್ಲದ ಎಂಥ ಶಿಕ್ಷಣ! ಯುದ್ಧಕಾಲದಲ್ಲಿ ಇದೇ ಸ್ಕ್ರಗ್ಸ್ ನೂಲಿನ ಗಿರಣಿಯಲ್ಲಿ ಕೂಲಿ ಮಾಡಿದರು. ಯುದ್ಧ ಮುಗಿದ ಮೇಲೆ, ೧೯೪೫ರ ಡಿಸೆಂಬರ್‌ನಲ್ಲಿ, ಮನ್ರೋ ಅವರ ಮೇಳ ಸೇರಿದರು.

೧೯೪೮ರಲ್ಲಿ ಸ್ಕ್ರಗ್ಸ್ ಮತ್ತು ಗಾಯಕ ಲೆಸ್ಟರ್ ಫ್ಲಾಟ್ ಮನ್ರೋ ಅವರ ಮೇಳ ಬಿಟ್ಟು ತಮ್ಮದೇ ಮೇಳ ಕಟ್ಟಿದರು. ಮನ್ರೋ ಅವರಿಗೆ ಇದು ಸಹಿಸಲಾಗಲಿಲ್ಲ. ಎರಡು ದಶಕಗಳಿಗೂ ಮೀರಿ ಅವರು ಫ್ಲಾಟ್‌ರೊಡನೆ ಮಾತು ಬಿಟ್ಟಿದ್ದರು. ೧೯೭೧ರಲ್ಲಿ ಇಂಡಿಯಾನದ ಬೀನ್ ಬ್ಲಾಸಮ್ ಉತ್ಸವದಲ್ಲಿ ಒಂದೇ ವೇದಿಕೆಯ ಮೇಲೆ ಕೂಡಿದರು. ಕಲಿಸುವವನಿಗೆ ಬಹು ಕಠಿಣವಾದ ಪಾಠ ಇದು. ಕಲಿತವನು ಬಿಟ್ಟುಹೋಗುತ್ತಾನೆ, ತನ್ನ ಅನ್ನವನ್ನು ತಾನೇ ಗಳಿಸುತ್ತಾನೆ, ಕೆಲವೊಮ್ಮೆ ಗುರುವಿನ ಅನ್ನದಲ್ಲೇ ಪಾಲು ಬೇಡುವ ಸ್ಪರ್ಧಿಯಾಗುತ್ತಾನೆ. ಆದರೆ ಅವರು ಬಿಟ್ಟುಹೋದದ್ದರಿಂದಲೇ ಒಂದು ಮೇಳದ ಸಂಗೀತ ಒಂದು ದೇಶದ ಸಂಗೀತವಾಯಿತೆಂಬುದನ್ನೂ ಮರೆಯಬಾರದು. ಫ್ಲಾಟ್ ಮತ್ತು ಸ್ಕ್ರಗ್ಸ್‌ರ ಮೇಳಕ್ಕೆ ೧೯೫೩ರಿಂದ ಒಂದು ಗೋಧಿಹಿಟ್ಟಿನ ಕಂಪನಿಯ ಪ್ರಾಯೋಜಕತ್ವ ದೊರೆಯಿತು. ಕಾರ್ಯಕ್ರಮ ಗೊತ್ತುಮಾಡುವ, ಕರಾರು, ಲೆಕ್ಕಪತ್ರ ನೋಡುವ ಹೊಣೆಯನ್ನು ಸ್ಕ್ರಗ್ಸ್‌ರ ಪತ್ನಿ ಲೂಯಿಸ್ ಹೊತ್ತರು. ವೇದಿಕೆಯ ಮೇಲಿನ ಕೈ ನಿಶ್ಚಿಂತವಾಗಿ ನುಡಿಸಬೇಕಾದರೆ ಮನೆಯಲ್ಲೊಬ್ಬರು ಲೆಕ್ಕ ಬಲ್ಲವರಿರಬೇಕೆಂದು ನಮ್ಮ ಗೃಹಿಣಿಯರಿಗೆ ಹೇಳಬೇಕಾದುದಿಲ್ಲ.

ಈ ವೃತ್ತಿಯ ಎರಡನೆಯ ಆಧಾರ ಹಾಡು ಕಟ್ಟುವುದು. ಇದರಲ್ಲೊಂದು ಕಾನೂನಿನ ಸೂಕ್ಷ್ಮವಿದೆ. ಅಮೆರಿಕದ ಸಾಮಾನ್ಯ ರೇಡಿಯೊದಲ್ಲಿ ಒಂದು ಧ್ವನಿಮುದ್ರಿಕೆ ಪ್ರಸಾರವಾದರೆ ಗೌರವಧನ ಸಲ್ಲುವುದು ಹಾಡು ರಚಿಸಿದವರಿಗೆ; ಹಾಡಿದವರಿಗೂ ನುಡಿಸಿದವರಿಗೂ ಅಲ್ಲ. ಧ್ವನಿಮುದ್ರಿಕೆಯ ಪ್ರತಿಯೊಂದು ಪ್ರತಿಗೂ ರಚನಕಾರನಿಗೆ ಕಾನೂನು ಗೊತ್ತುಪಡಿಸಿದ ಹಣ ಸಲ್ಲಬೇಕು. ೧೯೦೯ರ ಶಾಸನದಲ್ಲಿ ಇದು ಹಾಡೊಂದಕ್ಕೆ ಕೇವಲ ೨ ಸೆಂಟ್. ೧೯೭೮ರವರೆಗೂ ಅಷ್ಟೇ ಇತ್ತು. ೨೦೨೩ರಲ್ಲಿ ೧೨ ಸೆಂಟಿಗೆ ಏರಿತು. ಹನಿ ಹನಿಯೇ ಸರಿ. ಆದರೆ ಹಾಡು ನಿಂತರೆ ಹನಿಯೂ ನಿಲ್ಲದು. ಮನ್ರೋ ೧೯೪೬ರಲ್ಲಿ ಧ್ವನಿಮುದ್ರಿಸಿದ ತಮ್ಮ ‘ಬ್ಲೂ ಮೂನ್ ಆಫ್ ಕೆಂಟಕಿ’ ಎಂಬ ಹಾಡನ್ನು ೧೯೫೪ರಲ್ಲಿ ಎಲ್ವಿಸ್ ಪ್ರೆಸ್ಲಿ ಎಂಬ ತರುಣ ತನ್ನ ಮೊದಲ ಮುದ್ರಿಕೆಯಲ್ಲಿ ಬೇರೆ ಧಾಟಿಯಲ್ಲಿ ಹಾಡಿದ. ಆ ತರುಣನ ಹೊಸ ಸಂಗೀತದ ಅಬ್ಬರದಲ್ಲಿ ಬ್ಲೂಗ್ರಾಸ್ ಮೇಳಗಳಿಗೆ ಕರೆ ಕಡಿಮೆಯಾಯಿತು. ವಿಚಿತ್ರವೆಂದರೆ ಅದೇ ತರುಣ ಹಾಡಿದ ಹಾಡು ಮನ್ರೋ ಅವರಿಗೆ ಆದಾಯವನ್ನೂ ತಂದಿತು. ಪಕ್ಕದಲ್ಲಿ ಕೂಡಿಸಿಕೊಂಡು ಕಲಿಸಿದ ಸೋದರಮಾವನನ್ನು ನೆನೆದು ಮನ್ರೋ ‘ಅಂಕಲ್ ಪೆನ್’ ಎಂಬ ಹಾಡು ಕಟ್ಟಿ ೧೯೫೦ರಲ್ಲಿ ಮುದ್ರಿಸಿದರು. ಅದನ್ನು ೧೯೮೪ರಲ್ಲಿ ರಿಕಿ ಸ್ಕ್ಯಾಗ್ಸ್ ಮತ್ತೆ ಹಾಡಿದಾಗ ಆ ದೇಶದ ಕಂಟ್ರಿ ಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಮಾವ ಕೊಟ್ಟ ವಿದ್ಯೆಗೆ ಶುಲ್ಕವಿರಲಿಲ್ಲ. ಆ ಋಣವನ್ನು ಅಳಿಯ ಹಾಡಾಗಿ ತೀರಿಸಿದ, ಹಾಡು ಅಳಿಯನನ್ನು ಸಾಕಿತು.

ಆದರೆ ಹಾಡು ಹಣಕ್ಕಾಗಿಯೇ ಹುಟ್ಟುವುದಿಲ್ಲ. ಹೇಜಲ್ ಡಿಕನ್ಸ್ ಎಂಬ ತಾಯಿಯ ಚರಿತ್ರೆ ಓದುವಾಗ ನಮ್ಮ ಕಣ್ಣು ತೇವವಾದವು. ಪಶ್ಚಿಮ ವರ್ಜೀನಿಯಾದ ಕಲ್ಲಿದ್ದಲ ಸೀಮೆಯ ಮರ್ಸರ್ ಜಿಲ್ಲೆಯಲ್ಲಿ, ಹನ್ನೊಂದು ಮಕ್ಕಳ ಬಡಮನೆಯಲ್ಲಿ ಹುಟ್ಟಿದವರು. ತಂದೆ ಗಣಿಗಳಿಗೆ ಮರ ಸಾಗಿಸುತ್ತಿದ್ದ ಧರ್ಮಬೋಧಕರು. ಅವರ ಪಂಥದ ದೇವಾಲಯದಲ್ಲಿ ವಾದ್ಯವಿಲ್ಲದೆ ಬರಿ ಕಂಠದಿಂದಲೇ ಹಾಡುವ ಪದ್ಧತಿ. ಆ ಕಂಠವೇ ಮಗಳಿಗೆ ಬಂದ ಆಸ್ತಿ. ಹೊಟ್ಟೆಪಾಡಿಗಾಗಿ ಬಾಲ್ಟಿಮೋರ್ ನಗರಕ್ಕೆ ಹೋಗಿ ಕಾರ್ಖಾನೆಗಳಲ್ಲಿ, ಅಂಗಡಿಗಳಲ್ಲಿ ಅನೇಕ ವರ್ಷ ದುಡಿದರು. ದುಡಿಮೆಯ ನಡುವೆಯೇ ಹಾಡಿದರು. ಗಂಡಸರದೇ ಎನಿಸಿದ್ದ ಈ ಸಂಗೀತದಲ್ಲಿ ಗೆಳತಿ ಆಲಿಸ್ ಜೆರಾರ್ಡ್ ಅವರೊಡನೆ ೧೯೬೫ರಲ್ಲಿ ತಮ್ಮ ಮೊದಲ ಧ್ವನಿಮುದ್ರಿಕೆ ಹೊರತಂದರು. ಅವರ ಅಣ್ಣ ಥರ್ಮನ್ ಗಣಿಯಲ್ಲಿ ದುಡಿದವರು. ಕಲ್ಲಿದ್ದಲ ಧೂಳು ಶ್ವಾಸಕೋಶದಲ್ಲಿ ನೆಲೆಸಿ ಉಸಿರನ್ನೇ ಕಟ್ಟುವ ರೋಗದಿಂದ, ಕೈಯಲ್ಲಿ ಕಾಸಿಲ್ಲದೆ ಸತ್ತರು. ತಂಗಿ ಆ ರೋಗದ ಹೆಸರನ್ನೇ ಇಟ್ಟು ಹಾಡು ಕಟ್ಟಿ, ಗಣಿಕಾರ್ಮಿಕರ ಸಭೆಗಳಲ್ಲಿ ಹಾಡಿದರು. ಕೆಂಟಕಿಯ ಹಾರ್ಲನ್ ಜಿಲ್ಲೆಯ ಗಣಿ ಮುಷ್ಕರವನ್ನು ಕುರಿತು ೧೯೭೬ರಲ್ಲಿ ತೆರೆಕಂಡ ಪ್ರಸಿದ್ಧ ಸಾಕ್ಷ್ಯಚಿತ್ರದಲ್ಲಿಯೂ ಅವರ ದನಿಯಿದೆ. ೨೦೦೧ರಲ್ಲಿ ಸರಕಾರ ಅವರಿಗೆ ರಾಷ್ಟ್ರೀಯ ಪರಂಪರಾ ಗೌರವ ನೀಡಿತು, ೨೦೧೧ರಲ್ಲಿ ತೀರಿಕೊಂಡರು. ಅವರು ಅಂಗಡಿಯ ಕೆಲಸವನ್ನು ಕಲೆಗೆ ಅಡ್ಡಿಯೆಂದು ತಿಳಿದಿದ್ದರೆ ದುಡಿಯುವ ಹೆಂಗಸಿನ ದಣಿವನ್ನು ಹಾಡಾಗಿಸುವವರು ಯಾರಿರುತ್ತಿದ್ದರು?

ಮೂರನೆಯದು ಕಲಿಸುವುದು. ಹಿಂದೆ ಈ ವಿದ್ಯೆ ಕಿವಿಯಿಂದ ಕಿವಿಗೆ ಹೋಗುತ್ತಿತ್ತು. ಬಾಸ್ಟನ್ ಕಡೆಯ ಬಿಲ್ ಕೀತ್ ಎಂಬ ತರುಣ ಸ್ಕ್ರಗ್ಸ್‌ರ ನುಡಿಸಾಣಿಕೆಯನ್ನು ಕೇಳಿ ಕೇಳಿ, ಯಾವ ತಂತಿ, ಯಾವ ಬೆರಳು ಎಂದು ಸ್ವರಲಿಪಿಯಲ್ಲಿ ಬರೆದಿಟ್ಟುಕೊಂಡಿದ್ದ. ಆ ಬರಹದ ನೆರವಿನಿಂದ ಸ್ಕ್ರಗ್ಸ್ ೧೯೬೮ರಲ್ಲಿ ತಮ್ಮ ಬ್ಯಾಂಜೊ ಪಾಠದ ಪುಸ್ತಕ ಪ್ರಕಟಿಸಿದರು. ಗುರುವಿನ ವಿದ್ಯೆಯನ್ನು ಶಿಷ್ಯನ ಲೇಖನಿ ಊರೂರಿಗೆ ಮುಟ್ಟಿಸಿತು. ೧೯೮೨ರಲ್ಲಿ ಪೂರ್ವ ಟೆನೆಸೀ ರಾಜ್ಯ ವಿಶ್ವವಿದ್ಯಾಲಯದಲ್ಲಿ ಬ್ಲೂಗ್ರಾಸ್ ಶಿಕ್ಷಣ ಆರಂಭವಾಯಿತು. ೨೦೦೦ದಲ್ಲಿ ಉತ್ತರ ಕೆರೊಲಿನಾದ ಸ್ಪಾರ್ಟಾ ಎಂಬ ಸಣ್ಣ ಊರಿನ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಸಲಹೆಗಾರ್ತಿಯಾಗಿದ್ದ ಹೆಲೆನ್ ವೈಟ್ ಎಂಬ ಪಿಟೀಲು ವಾದಕಿ, ಶಾಲೆ ಬಿಟ್ಟ ಮೇಲೆ ಗುಡ್ಡಗಾಡಿನ ಮಕ್ಕಳಿಗೆ ತಮ್ಮ ಹಿರಿಯರ ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಅದು ಈಗ ಆ ಪರ್ವತ ಸೀಮೆಯ ಹಲವು ರಾಜ್ಯಗಳಿಗೆ ಹಬ್ಬಿದೆ. ಊರಿನ ಕಲಾವಿದರಿಗೆ ಅಲ್ಲಿ ಅಧ್ಯಾಪಕರಾಗಿ ಸಂಭಾವನೆ ಸಿಗುತ್ತದೆ. ಉತ್ಸವಗಳು ಹೆಚ್ಚಾಗಿ ಬೆಚ್ಚನೆಯ ತಿಂಗಳುಗಳಲ್ಲಿ ನಡೆಯುವುದರಿಂದ ಚಳಿಗಾಲದಲ್ಲಿ ಒಲೆ ಉರಿಸುವುದು ಅನೇಕರಿಗೆ ಈ ಪಾಠಗಳೇ. ೨೦೨೦ರಲ್ಲಿ ಮಹಾಮಾರಿಯಿಂದ ವೇದಿಕೆಗಳೆಲ್ಲ ಮುಚ್ಚಿದಾಗ ಎಷ್ಟೋ ಕಲಾವಿದರು ಕಂಪ್ಯೂಟರ್ ಮುಂದೆ ಕುಳಿತು ದೂರದ ಶಿಷ್ಯರಿಗೆ ಪಾಠ ಹೇಳಿ ದಿನ ದೂಡಿದರು.

ಹೀಗೆ ನುಡಿಸುವ ಕೈ, ಕಟ್ಟುವ ಮನಸ್ಸು, ಕಲಿಸುವ ಬಾಯಿ ಮೂರೂ ಸೇರಿ ಒಂದು ಸಂಸಾರವನ್ನು ಹೊರುತ್ತವೆ. ಒಂದು ಸೋತಾಗ ಇನ್ನೊಂದು ಹೆಗಲು ಕೊಡುತ್ತದೆ. ಆದರೂ ಕಷ್ಟವನ್ನು ಮರೆಮಾಚಲಾಗದು. ವರಮಾನ ತಿಂಗಳು ತಿಂಗಳು ಒಂದೇ ಸಮನಾಗಿ ಬರದು, ನಿವೃತ್ತಿವೇತನವಿಲ್ಲ, ಆ ದೇಶದಲ್ಲಿ ಆಸ್ಪತ್ರೆಯ ವಿಮೆ ಬಹುಮಟ್ಟಿಗೆ ನೌಕರಿಗೆ ಅಂಟಿಕೊಂಡಿರುವುದರಿಂದ ಕಾಯಿಲೆ ಬಂದರೆ ದಿಗಿಲು. ೧೯೮೫ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಬ್ಲೂಗ್ರಾಸ್ ಸಂಗೀತ ಸಂಘದ ಆಶ್ರಯದಲ್ಲಿ ಸಂಕಟಕ್ಕೆ ಸಿಲುಕಿದ ಕಲಾವಿದರ ನೆರವಿಗೆಂದೇ ಒಂದು ನಿಧಿಯಿದೆ. ನಿಧಿಯಿರುವುದು ಸಂತೋಷದ ಸಂಗತಿ. ಅದರ ಅಗತ್ಯವಿರುವುದು ಎಚ್ಚರಿಕೆಯ ಸಂಗತಿ.

ತಿಂಗಳ ಅವಧಿ ಮುಗಿದು ಆ ಕುಟುಂಬ ಮರಳಿ ಹೊರಡುವ ಮುನ್ನ ನಮ್ಮಲ್ಲಿಗೆ ಬಂದಿತು. ನಾವು ತಂದೆಗೆ ಹೇಳಿದೆವು: ‘ನಿಮ್ಮ ಪ್ರಶ್ನೆ ತಪ್ಪಲ್ಲ. ಹೊಟ್ಟೆ ತುಂಬುತ್ತದೆ, ಆದರೆ ವೇದಿಕೆಯೊಂದರಿಂದಲೇ ಅಲ್ಲ. ಇಂದು ದೊಡ್ಡವರೆನಿಸಿದವರೆಲ್ಲ ಪೀಪಾಯಿ, ಗಿರಣಿ, ಅಂಗಡಿಗಳನ್ನು ಕಂಡು ಬಂದವರು. ಮಗಳು ಜೊತೆಗೊಂದು ಉದ್ಯೋಗ ಕಲಿಯಲಿ. ಅದನ್ನು ಸೋಲೆಂದು ನೀವೂ ತಿಳಿಯಬೇಡಿ, ಅವಳೂ ತಿಳಿಯದಿರಲಿ. ಆದರೆ ವಾದ್ಯವನ್ನು ಗೋಡೆಗೆ ತೂಗುಹಾಕಿಸಬೇಡಿ.’ ಬಳಿಕ ಮಗಳ ಕಡೆ ತಿರುಗಿ ಕೇಳಿದೆವು: ‘ಜನ ಚಪ್ಪಾಳೆ ತಟ್ಟುವಾಗ ನುಡಿಸುವುದು ನಿನಗೆ ಬಲ್ಲದು. ಶ್ರುತಿಯೇ ಹಿಡಿಯದ ಒಂದು ಮಗುವಿಗೆ ವರ್ಷಗಟ್ಟಲೆ ಬೇಸರಿಸದೆ ಹೇಳಿಕೊಡಬಲ್ಲೆಯಾ? ನೀನು ಕಲಿಸಿದವರು ನಿನ್ನನ್ನು ಮೀರಿಸಿ ಹೋದಾಗ ಮುಖ ತಿರುಗಿಸದೆ ಇರಬಲ್ಲೆಯಾ?’ ಅವಳು ಕೂಡಲೇ ‘ಹೌದು’ ಎನ್ನಲಿಲ್ಲ. ‘ಗೊತ್ತಿಲ್ಲರಿ ಅಜ್ಜಾರ, ನೋಡತೀನಿ’ ಎಂದಳು. ಆ ಪ್ರಾಮಾಣಿಕತೆ ನಮಗೆ ಹಿಡಿಸಿತು.

ಮೊನ್ನೆ ತಂದೆಯವರ ಪತ್ರ ಬಂದಿದೆ. ಮಗಳು ಕಾಲೇಜಿಗೆ ಹೆಸರು ಹಚ್ಚಿದ್ದಾಳೆ. ಶನಿವಾರಗಳಂದು ನೆರೆಮನೆಯ ಎಂಟು ವರ್ಷದ ಹುಡುಗನಿಗೆ ಪಿಟೀಲು ಹೇಳಿಕೊಡುತ್ತಿದ್ದಾಳಂತೆ. ಅವನ ಕಮಾನು ಇನ್ನೂ ಬರಿ ಕಿರುಗುಟ್ಟುತ್ತದೆಯಂತೆ. ‘ನಮಗ ಕಿವಿ ಮುಚ್ಚಿಕೊಳ್ಳೂ ಹಂಗಾಗತದ, ಆದರ ಆಕಿ ನಕ್ಕೋತ ಕೂಡತಾಳ್ರಿ’ ಎಂದು ಬರೆದಿದ್ದಾರೆ. ಪತ್ರವನ್ನು ಎರಡು ಸಲ ಓದಿ ಮಡಿಚಿಟ್ಟೆವು. ಗೋಡೆಗೆ ವಾದ್ಯ ತೂಗುಹಾಕಿರುವ ಆ ನಿವೃತ್ತರ ಮನೆಗೂ ಈ ವಾರ ಹೋಗಿ, ಮೂವತ್ತು ವರ್ಷಗಳ ಹಿಂದಿನ ನಮ್ಮ ಮಾತನ್ನು ಹಿಂದಕ್ಕೆ ಪಡೆಯಬೇಕೆಂದಿದ್ದೇವೆ. ಆ ಓಣಿಯಲ್ಲಿಯೂ ಕಲಿಯುವ ಮಕ್ಕಳಿದ್ದಾರೆ.